ಗಾಳದ ಮುಳ್ಳು ಒತ್ತಿದ್ದೆನಾ, ಅಪ್ಪ?

ಅಪ್ಪಾ,

ನಾನು, ಪುಟ್ಟಿ. ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಗೋಡೆಗೆ ಒರಗಿದವಳಿಗೆ ಜೊಂಪು ಹತ್ತಿ ಕೆಟ್ಟ ಕನಸು ಬಿತ್ತು. ನೀನು ನಡುಮನೆಯ ಕುರ್ಚಿಯಲ್ಲಿ ಕೂತಿದ್ದೀಯ. ಬನಿಯನ್, ಪಂಚೆ, ಕನ್ನಡಕ, ಎಲ್ಲ ಸರಿಯಾಗಿದೆ. ಆದರೆ ಬಾಯಿ ಮುಚ್ಚಿದೆ, ತುಟಿಯ ಬಲಗಡೆಯಿಂದ ಒಂದು ದಾರ ನೇತಾಡುತ್ತಿದೆ. ಅದೇನಪ್ಪ ಅಂತ ಕೇಳಿದರೆ ತಲೆ ಅಲ್ಲಾಡಿಸುತ್ತೀಯ. ನಾನು ಮೆಲ್ಲಗೆ ಎಳೆಯುತ್ತೇನೆ, ಬರುವುದಿಲ್ಲ. ಇನ್ನೂ ಎಳೆದರೆ ನಿನ್ನ ಮುಖವೇ ನನ್ನ ಕಡೆಗೆ ಬರುತ್ತದೆ, ದಾರ ಮಾತ್ರ ಬರುವುದಿಲ್ಲ. ಬೆಚ್ಚಿ ಎದ್ದರೆ ಮಡಿಲಲ್ಲಿ ಪಕ್ಕದ ಮನೆ ಸರೋಜಕ್ಕನ ಮಗಳ ಮದುವೆ ಸೀರೆ. ಅರ್ಧ ಕಟ್ಟಿದ್ದ ಕುಚ್ಚಿನ ರೇಷ್ಮೆ ದಾರ ನನ್ನ ಬೆರಳಿಗೇ ಬಿಗಿಯಾಗಿ ಸುತ್ತಿಕೊಂಡಿತ್ತು.

ಒಂಬತ್ತನೇ ಕ್ಲಾಸಿನಲ್ಲಿ ಟೈಫಾಯಿಡ್ ಬಂದು ಸ್ಕೂಲು ಬಿಟ್ಟವಳು ನಾನು. ಆಮೇಲೆ ವಾಪಸ್ ಹೋಗಲು ಭಯವಾಗಿ ಹೋಗಲೇ ಇಲ್ಲ. ಪತ್ರ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ನೀನೇ ತಿದ್ದಿಕೋ. ಅಮ್ಮನಿಗೆ ಹೇಳಲಾಗದ ಮಾತೊಂದಿದೆ. ಅದು ನಿನಗೆ ಗೊತ್ತಿತ್ತಾ, ಗೊತ್ತಿದ್ದೂ ಸುಮ್ಮನಿದ್ದೆಯಾ...

ಆ ಹಳದಿ ಕಯಾಕ್, ಒಬ್ಬರೇ ಕೂರುವ ಆ ಸಪೂರ ದೋಣಿ, ಮನೆಗೆ ಬಂದ ದಿನ ನೆನಪಿದೆಯಾ? ನೀನು ವಿಮಾನದ ಕಾರ್ಖಾನೆಯಿಂದ ರಿಟೈರ್ ಆಗಿ ಮೂರು ತಿಂಗಳಾಗಿತ್ತು. ನೂರ್ ಭಾಯ್ ಅದನ್ನು ಲಗೇಜ್ ಆಟೋದ ಮೇಲೆ ಹಗ್ಗ ಬಿಗಿದು ತಂದಾಗ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಸೊಪ್ಪಿನವರೆಲ್ಲ ಎದ್ದು ನಿಂತು ನೋಡಿದ್ದರು. ಶಿವಾಜಿನಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಆ ಮನುಷ್ಯ ನಿನಗೆ ಮೀನಿನ ಹುಚ್ಚು ಹಿಡಿಸಿದನೋ, ನೀನು ಅವನಿಗೆ ಹಿಡಿಸಿದೆಯೋ, ಇವತ್ತಿಗೂ ತೀರ್ಮಾನವಾಗಿಲ್ಲ. ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಏನ್ರೀ ಇದು, ಬಾಳೆಹಣ್ಣು? ಎಲ್ ಮಲಗಿಸ್ತೀರ ಇದನ್ನ, ನನ್ ಪಕ್ಕದಲ್ಲಾ?"

"ಮೆಟ್ಟಿಲ ಕೆಳಗೆ ನಿಲ್ಲಿಸ್ತೀನಿ ಕಣೆ ಜಯಾ."

"ನಿಲ್ಲಿಸಿ ನಿಲ್ಲಿಸಿ. ಅದರ ಪಕ್ಕ ನೀವೂ ನಿಂತ್ಕೊಳಿ."

ಬೇಸಿಗೆ ಬಂದಾಗ ಅದನ್ನೇ ಮಹಡಿಗೆ ಹೊತ್ತು ಹಾಕಿಸಿ, ಮಗುಚಿ, ಬೆನ್ನ ಮೇಲೆ ಸಂಡಿಗೆ ಒಣಗಿಸಿದವಳೂ ಅವಳೇ.

ಸಂಜೆ ಹೊತ್ತು ಫೋನಿನಲ್ಲಿ ಅಮೆರಿಕದವರು ಮೀನು ಹಿಡಿಯುವ ವಿಡಿಯೋ ಹಾಕಿಕೊಂಡು ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದೆ. "ಅವರಿಗೆ ಬಾಸ್ ಮೀನು, ನಮಗೆ ಕೊರಮೀನು. ಎರಡೂ ರೌಡಿಗಳೇ ಕಣಮ್ಮ, ಮುಂದೆ ಏನು ಅಲ್ಲಾಡಿದ್ರೂ ಬಿಡಲ್ಲ." ಮೊದಲು ರಬ್ಬರಿನ ಕಪ್ಪೆ ಕಟ್ಟಿಕೊಂಡು ಹೋದೆ. ಆಮೇಲೆ ಫ್ಲೈ ಬಂತು. ಗಾಳದ ಸುತ್ತ ಪುಕ್ಕ, ಕೂದಲು, ದಾರ ಕಟ್ಟಿ ಹುಳುವಿನ ಹಾಗೆ ಮಾಡುವುದು. ಅದಕ್ಕೆ ತೂಕವೇ ಇಲ್ಲ, ದಪ್ಪ ದಾರವನ್ನೇ ಗಾಳಿಯಲ್ಲಿ ಹಿಂದೆ ಮುಂದೆ ಬೀಸಿ ಎಸೆಯಬೇಕು. ನಿನಗೆ ಕಣ್ಣು ಮಂಜಾಗಿತ್ತು, ಗಂಟು ಬೀಳುತ್ತಿರಲಿಲ್ಲ. ಒಂದು ದಿನ ಎಲ್ಲವನ್ನೂ ತಂದು ನನ್ನ ಕುಚ್ಚಿನ ಡಬ್ಬದ ಪಕ್ಕ ಸುರಿದೆ. "ಸೀರೆಗೆ ಕಟ್ಟೋ ಕೈ ಇದಕ್ಕೆ ಕಟ್ಟಲ್ವಾ?" ನಾನು ಕಟ್ಟಿದೆ. ಮೊದಲನೆಯದನ್ನು ನೀನು ಅಂಗೈಯಲ್ಲಿಟ್ಟುಕೊಂಡು ಎಷ್ಟು ಹೊತ್ತು ನೋಡಿದೆ! ಎಲ್ಲದಕ್ಕೂ ಹೆದರುವ ಮಗಳು ಇದೊಂದನ್ನು ಹೆದರದೆ ಮಾಡಿದಳು ಅಂತ ಅಂದುಕೊಂಡೆಯಾ?

ಮುಳ್ಳಿನ ವಿಷಯ ಹೇಳಿಕೊಟ್ಟದ್ದೂ ಆಗಲೇ. ಗಾಳದ ತುದಿಯ ಹತ್ತಿರ ಹಿಂದಕ್ಕೆ ಮುಖ ಮಾಡಿಕೊಂಡು ಒಂದು ಸಣ್ಣ ಮುಳ್ಳಿರುತ್ತದೆ, ಚುಚ್ಚಿದ ಮೇಲೆ ಬಿಡದಿರುವುದು ಅದೇ. ಚೂಪು ಮೂತಿಯ ಇಕ್ಕಳ, ಅದೇ ನೋಸ್ ಪ್ಲೇಯರ್‌ನಲ್ಲಿ ಅದನ್ನು ಒತ್ತಿ ಮಲಗಿಸಿದರೆ ಮೀನಿಗೆ ನೋವಾಗದ ಹಾಗೆ ಬಿಡಿಸಬಹುದು. ದಾರ ಹರಿದುಕೊಂಡು ಹೋದರೂ ಗಾಳ ಎರಡು ದಿನದಲ್ಲಿ ತಾನೇ ಉದುರಿಬಿಡುತ್ತದೆ. ಒತ್ತುವುದು ನನ್ನ ಕೆಲಸ. ಆಮೇಲೆ ನೀನು ಇಸ್ತ್ರಿ ಮಾಡಿದ ಕರ್ಚೀಫು ಬಿಚ್ಚಿ, ಗಾಳವನ್ನು ಬಟ್ಟೆಗೆ ಚುಚ್ಚಿ ಹಿಂದಕ್ಕೆ ಎಳೆದು ನೋಡುತ್ತಿದ್ದೆ. ಎಳೆ ಕಚ್ಚದೆ ಬಂದರೆ ಪಾಸು. ನಾನೇ ನೋಡಿಬಿಡುತ್ತೇನೆ ಅಂದದ್ದಕ್ಕೆ ನೀನು ಬಿಡಲಿಲ್ಲ. "ಕಾರ್ಖಾನೇಲಿ ಒಂದು ಸ್ಕ್ರೂ ಬಿಗಿ ಮಾಡಿದ್ರೂ ಮಾಡಿದವನೇ ಚೆಕ್ ಮಾಡೋ ಹಾಗಿಲ್ಲ ಪುಟ್ಟಿ. ಒಬ್ಬರು ಮಾಡ್ಬೇಕು, ಇನ್ನೊಬ್ರು ನೋಡ್ಬೇಕು. ಮಾಡಿದ ಕಣ್ಣಿಗೆ ತನ್ನ ತಪ್ಪು ಕಾಣಲ್ಲ."

ಅಮ್ಮನ ಕೂದಲು ಕದ್ದ ಕಥೆ ನೆನೆದರೆ ಈಗಲೂ ನಗು ಬರುತ್ತದೆ. ಬಾಚಣಿಗೆಯಲ್ಲಿ ಬಂದ ಕೂದಲನ್ನೆಲ್ಲ ಅವಳು ಉಂಡೆ ಕಟ್ಟಿ, ಬಚ್ಚಲ ಕಿಟಕಿಯಲ್ಲಿ ಕವರಿಗೆ ಹಾಕಿಡುತ್ತಿದ್ದಳು, ಕೂದಲಿಗೆ ಪಾತ್ರೆ ಕೊಡುವವಳು ಬಂದಾಗ ಕೊಡಲು. ನೀನು ಅದರಲ್ಲಿ ಒಂದು ಹಿಡಿ ತಂದು, ಕಪ್ಪು ಬಿಳಿ ಬೆರೆತಿರುವುದು ನೀರಿನಲ್ಲಿ ಇಲಿಮರಿಯ ಹಾಗೆ ಕಾಣುತ್ತದೆ, ಕಟ್ಟು ಅಂದೆ. ಸಿಕ್ಕಿಬಿದ್ದಾಗ ಅಮ್ಮ ಇಡೀ ವಠಾರ ಕೇಳುವ ಹಾಗೆ ಕೂಗಿದಳು. "ತಲೆಕೂದಲು ಮೀನಿಗೆ ತಿನ್ನಿಸ್ತೀರಾ? ದರಿದ್ರ! ನನ್ ಸ್ಟೀಲ್ ಡಬ್ಬಿ ಯಾರ್ ತಂದ್ಕೊಡ್ತಾರೆ, ನಿಮ್ ಮೀನಾ?"

ಆ ಭಾನುವಾರ ಬೆಳಿಗ್ಗೆಗೆ ಬರುತ್ತೇನೆ ಅಪ್ಪ. ಇಷ್ಟು ಹೊತ್ತೂ ಅದರ ಸುತ್ತಲೇ ಸುತ್ತುತ್ತಿದ್ದೇನೆ. ನೂರ್ ಭಾಯ್ ಕೆಳಗೆ ಹಾರನ್ ಹೊಡೆಯುತ್ತಿದ್ದ. ನಾನು ಗ್ಯಾಸ್ ಆರಿಸಿದೆನಾ ಅಂತ ಎರಡು ಸಲ ನೋಡಿ ಬಂದು, ಮೂರನೇ ಸಲ ಒಳಗೆ ಓಡಿದ್ದೆ. ನೀನು ಮೆಟ್ಟಿಲಿನಿಂದ ಕೇಳಿದೆ, "ಕೂದಲಿಂದು ಒತ್ತಿದೀಯಾ?" ನಾನು ಗ್ಯಾಸಿನ ಗುಬುಟು ಹಿಡಿದುಕೊಂಡೇ "ಹೂಂ" ಅಂದೆ. ಆ ಹೂಂ ಯಾವುದಕ್ಕೆ ಅಂದೆ? ಒತ್ತಿದ್ದು ನೆನಪಿದ್ದು ಅಂದೆನಾ, ನಿನಗೆ ತಡವಾಗುತ್ತದೆ ಅಂತ ಅಂದೆನಾ? ದಾರ ಸುತ್ತಿದ್ದು ನೆನಪಿದೆ. ಕೊನೆಯ ಗಂಟು ನೆನಪಿದೆ. ಪ್ಲೇಯರ್ ಕೈಗೆ ತೆಗೆದುಕೊಂಡದ್ದು... ಎಷ್ಟು ಯೋಚಿಸಿದರೂ ಅಲ್ಲಿ ಏನೂ ಇಲ್ಲ.

ಕೆ.ಆರ್. ಪುರ ದಾಟಿ, ಹೊಸಕೋಟೆ ಕಡೆಯ ಆ ಕೆರೆಯ ದಡದಲ್ಲಿ ನಾನು ಯಾವತ್ತಿನ ಹಾಗೆ ಚಿತ್ರಾನ್ನದ ಡಬ್ಬಿ ಹಿಡಿದು ಕೂತಿದ್ದೆ. ಮನೆಯಲ್ಲಿ ಕೂತು ಹೆದರುವುದಕ್ಕಿಂತ ಅಲ್ಲಿ ಕೂತು ಹೆದರುವುದು ವಾಸಿ ಅಂತ ತಾನೇ ನಾನು ಬರುತ್ತಿದ್ದದ್ದು? ಕೆರೆಯನ್ನು ಮೀನಿಗೆ ಗುತ್ತಿಗೆ ಹಿಡಿದ ಮುನಿಯಪ್ಪ ಅವತ್ತೂ ನಿನ್ನನ್ನು ತಡೆದ. ತಾನು ಬಿಟ್ಟ ಮರಿಗಳನ್ನು ಕೊರಮೀನು ತಿಂದುಹಾಕುತ್ತವೆ, ಹಿಡಿದುಕೊಂಡು ಹೋಗಲಿ ಅಂತಲೇ ಅವನು ನಿಮ್ಮನ್ನು ಕೆರೆಗೆ ಬಿಟ್ಟದ್ದು. ನೀನೋ ಹಿಡಿದದ್ದನ್ನೆಲ್ಲ ಅಲ್ಲೇ ಬಿಡುವವನು.

"ಹೋದ ವಾರ ಸಿಕ್ಕಿದ್ದು ಎಲ್ ಸಾಮಿ?"

"ಜಾರಿ ಹೋಯ್ತು ಮುನಿಯಪ್ಪ."

"ವಾರಾ ವಾರಾ ಜಾರ್ತದಲ್ಲ ಸಾಮಿ, ಕೈಗೆ ಎಣ್ಣೆ ಹಚ್ಕೊಂಡ್ ಬರ್ತೀರಾ?"

ಹತ್ತು ಗಂಟೆ ಹೊತ್ತಿಗೆ ಜೊಂಡಿನ ಪಕ್ಕ ನೀರು ಒಡೆದು ಸದ್ದಾಯಿತು, ದಡಕ್ಕೆ ಕೇಳುವಷ್ಟು. ನಿನ್ನ ಕೋಲು ಬಿಲ್ಲಿನ ಹಾಗೆ ಬಾಗಿತು. ಆಮೇಲೆ ನೆಟ್ಟಗಾಗಿಬಿಟ್ಟಿತು. ಮೀನು ಜೊಂಡಿನ ಬೇರಿಗೆ ದಾರ ಸುತ್ತಿ ಹರಿದುಕೊಂಡು ಹೋಗಿತ್ತು. ನೀನು ವಾಪಸ್ ಬಂದು "ಗಾಳ ಬಾಯಲ್ಲೇ ಇದೆ" ಅಂದೆ. ನೂರ್ ಭಾಯ್, "ಜಾನೇ ದೋ ಸಾಬ್, ಮುಳ್ಳು ಒತ್ತಿದೆ ಅಲ್ವಾ, ಉದುರಿ ಹೋಗ್ತದೆ" ಅಂದ. ನೀನು ನನ್ನ ಕಡೆ ಒಮ್ಮೆ ನೋಡಿದೆ, ಅಷ್ಟೇ. ಸಂಜೆ ಬಟ್ಟೆ ಒಗೆಯಲು ನಿನ್ನ ಜೇಬು ಬರಿದು ಮಾಡಿದಾಗ ಕರ್ಚೀಫು ಸಿಕ್ಕಿತು. ಇಸ್ತ್ರಿಯ ಮಡಿಕೆ ಬಿಚ್ಚಿರಲಿಲ್ಲ. ಬೆವರಿಗೆ ನಿನಗೆ ಟವೆಲ್ಲು. ಕರ್ಚೀಫು ಗಾಳಕ್ಕೆ ಮಾತ್ರ. ಅವತ್ತು ನೀನು ಎಳೆದು ನೋಡಿಯೇ ಇರಲಿಲ್ಲ.

ಒತ್ತಿದ್ದರೆ ಉದುರುತ್ತದೆ ಅಂತ ಹೇಳಿಕೊಟ್ಟವನು ನೀನು. ಹಾಗಿದ್ದರೆ ಮುಂದಿನ ಭಾನುವಾರ ಆ ಮೀನನ್ನೇ ಹುಡುಕಿಕೊಂಡು ಯಾಕೆ ಹೋದೆ? ಅದರ ಮುಂದಿನ ಭಾನುವಾರ ಯಾಕೆ ಹೋದೆ? "ಸುಮ್ನೆ ನೋಡ್ಕೊಂಡ್ ಬರೋಣ, ಪಾಪ, ಬಾಯಿ ತೆಗೆಯೋಕೆ ಆಗದೆ ಉಪವಾಸ ಸಾಯ್ತದೆ" ಅಂದೆ. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಒತ್ತಿರಲಿಲ್ಲ ಅಂತಾದರೂ ಗೊತ್ತಾಗುತ್ತಿತ್ತು.

ಮೂರನೆಯ ಭಾನುವಾರ ಬಿಸಿಲು ಏರಿತ್ತು. ನೂರ್ ಭಾಯ್ ಕಯಾಕಿಗೆ ಕೂರಿಸಿಕೊಟ್ಟಿದ್ದ ಆ ಬ್ಯಾಟರಿ ಮೋಟಾರಿಗೆ ಸದ್ದೇ ಇಲ್ಲ. ನೀನು ಸೀಟಿಗೆ ಒರಗಿದ್ದೆ, ಕಯಾಕ್ ಜೊಂಡಿನ ಮುಂದೆ ಮೆಲ್ಲಗೆ ಸುತ್ತು ಹೊಡೆಯುತ್ತಿತ್ತು. ಒಂದು ಸುತ್ತು, ಎರಡು ಸುತ್ತು. ಮೀನು ಸಿಕ್ಕಿತು, ಅದನ್ನೇ ಸುತ್ತುಗಟ್ಟುತ್ತಿದ್ದೀಯ ಅಂದುಕೊಂಡೆ. ಕೈ ಬೀಸಿದೆ ಅಪ್ಪ. ನಕ್ಕುಕೊಂಡು, ಡಬ್ಬಿ ಎತ್ತಿ ಹಿಡಿದು ಕೈ ಬೀಸಿದೆ. ಐದನೇ ಸುತ್ತಿಗೆ ನಿನ್ನ ಟೋಪಿ ನೀರಿಗೆ ಬಿತ್ತು, ನೀನು ತಿರುಗಿ ನೋಡಲಿಲ್ಲ. ನನಗೆ ಈಜು ಬಾರದು. ಮೊಣಕಾಲಿನವರೆಗೆ ಇಳಿದು ಕೂಗಿದೆ. ಮುನಿಯಪ್ಪ ತೆಪ್ಪದಲ್ಲಿ ಹೋಗಿ ಕಯಾಕನ್ನು ಹಿಡಿಯುವವರೆಗೂ ಅದು ಸುತ್ತುತ್ತಲೇ ಇತ್ತು.

ಡಾಕ್ಟರು, ಮನೆಯಲ್ಲಿ ಕೂತಿದ್ದರೂ ಆಗುತ್ತಿತ್ತಮ್ಮ, ಹೃದಯ ಅದು ಅಂದರು. ಆದರೆ ನೀನು ಮನೆಯಲ್ಲಿ ಕೂತಿರಲಿಲ್ಲವಲ್ಲ. ನೂರ್ ಭಾಯ್ ಹದಿನೈದು ದಿನ ಅಂಗಡಿ ತೆರೆಯಲಿಲ್ಲ. ಕೈ ಬಿಟ್ಟರೆ ಮೋಟಾರ್ ನಿಲ್ಲುವ ಹಾಗೆ ಮಾಡಬೇಕಿತ್ತು ಅಂತ ಅವನಿಗೆ ಅವನದೇ ಕೊರಗು. ಅವನು ಅದನ್ನು ಬಾಯಿ ಬಿಟ್ಟು ಹೇಳಿ ಅತ್ತ. ನನಗೆ ಅದೂ ಆಗಲಿಲ್ಲ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಅಮ್ಮ ಕಯಾಕ್ ಹತ್ತುತ್ತಿದ್ದಾಳೆ. ನಗಬೇಡ, ನಿಜ. ವರ್ಷದ ಕಾರ್ಯ ಮುಗಿದ ಮಾರನೇ ದಿನ, ನಾನು ಕಯಾಕ್ ಮಾರಿಬಿಡೋಣ ಅಂದದ್ದಕ್ಕೆ ಸಿಡಿದು ಬಿದ್ದಳು. "ಆ ಮೀನು ಬಾಯಲ್ಲಿ ನನ್ ಕೂದಲು ಇಟ್ಕೊಂಡು ಓಡಾಡ್ತಿದೆ. ನನ್ ಕೂದಲು ನಾನ್ ವಾಪಸ್ ತಗೋತೀನಿ. ನಿಮ್ಮಪ್ಪಂಗೆ ಆಗಲಿಲ್ಲ, ನಂಗಾಗತ್ತೆ." ನೂರ್ ಭಾಯ್ ಮಹಡಿಯ ಮೇಲೆ ದಾರ ಬೀಸುವುದು ಹೇಳಿಕೊಟ್ಟ. ಎರಡೇ ದಿನದಲ್ಲಿ ಅಮ್ಮ ಅವನಿಗೇ ಪಾಠ ಹೇಳಿದಳು, "ಇದು ಮೊರದಲ್ಲಿ ಕೇರೋದಲ್ವಾ ಭಾಯ್, ಎತ್ತಿ, ತಡೆದು, ಬಿಡೋದು." ಸರೋಜಕ್ಕನ ನೈಟಿಗೆ ಗಾಳ ಸಿಕ್ಕಿಸಿದ್ದೂ ಆಯಿತು. "ಜಯಮ್ಮ, ನನ್ನ ಹಿಡಿದ್ರೆ ವಾಪಸ್ ಬಿಡ್ತೀಯ ತಾನೇ?" ಅಂತ ಅವರು ಕೂಗಿದರು. ಜನ್ಮದಲ್ಲಿ ಸೀರೆ ಬಿಟ್ಟು ಬೇರೆ ಉಡದವಳು ಈಗ ನನ್ನ ಚೂಡಿದಾರ ಹಾಕಿ, ಲೈಫ್ ಜಾಕೆಟ್ ಬಿಗಿದು, ಮಣಿಕಟ್ಟಿಗೆ ಮೋಟಾರಿನ ದಾರ ಕಟ್ಟಿಕೊಂಡು ಹೋಗುತ್ತಾಳೆ. ಆ ದಾರ ಎಳೆದರೆ ಮೋಟಾರ್ ನಿಲ್ಲುತ್ತದೆ. ನಾನು ಕೈ ಮುಗಿದು ಬೇಡ ಅಂದೆ. ಕೇಳುವವಳಾ ಅವಳು? ದಡದಲ್ಲಿ ಅದೇ ಡಬ್ಬಿ ಹಿಡಿದು ಕೂರುತ್ತೇನೆ. ಕಯಾಕ್ ಒಂದು ಸಲ ಬಳಸಿ ತಿರುಗಿದರೂ ಎದ್ದು ನಿಂತು ಕೂಗಿಬಿಡುತ್ತೇನೆ.

ಹೋದ ಭಾನುವಾರ ಅವಳಿಗೆ ದೊಡ್ಡದೊಂದು ಸಿಕ್ಕಿತು, ಮೊಳಕೈಯಿಂದ ಬೆರಳ ತುದಿಯವರೆಗಿನಷ್ಟು. ಎಳೆದು ದಡಕ್ಕೆ ತಂದಳು. ಮುನಿಯಪ್ಪ, "ಹಾಕಮ್ಮ ಚೀಲಕ್ಕೆ, ನೀವಾದ್ರೂ ಬಿಡಬೇಡಿ" ಅಂತ ಕುಣಿದ. ಅಮ್ಮ ಅದರ ಬಾಯಿ ತೆಗೆಸಿ ಬಲಗಡೆ ಎಡಗಡೆ ನೋಡಿ, "ಇದಲ್ಲ. ಇದರ ಬಾಯಿ ಚೆನ್ನಾಗಿದೆ" ಅಂದು ನೀರಿಗೆ ಬಿಟ್ಟಳು. ಮುನಿಯಪ್ಪ ತಲೆ ಚಚ್ಚಿಕೊಂಡ. ಮುಳ್ಳು ಒತ್ತಿದ್ದಿದ್ದರೆ ಗಾಳ ಯಾವತ್ತೋ ಉದುರಿ, ಗಾಯ ಮಾಗಿ, ಬಾಯಿ ಹೀಗೇ ಚೆನ್ನಾಗಿರುತ್ತಿತ್ತಲ್ಲವಾ ಅಪ್ಪ? ಅದೇ ಮೀನು ಇದೇ ಆಗಿದ್ದರೆ? ಅಥವಾ ಅದು ಅವತ್ತೇ ಜೊಂಡಿನೊಳಗೆ ಹೋಗಿ, ಬಾಯಿ ಬಿಡಲಾಗದೆ... ಬಾಯಲ್ಲಿ ಮಾಗಿದ ಗಾಯದ ಗುರುತು ಇತ್ತಾ ಅಂತ ಅಮ್ಮನನ್ನು ಹೇಗೆ ಕೇಳಲಿ? ಕೇಳಿದರೆ ಯಾಕೆ ಕೇಳುತ್ತೀಯ ಅನ್ನುತ್ತಾಳೆ.

ಇವತ್ತು ಶನಿವಾರ. ನಾಳೆ ಅವಳು ಮತ್ತೆ ಹೋಗುತ್ತಾಳೆ. ಬೆಳಿಗ್ಗೆ ತಲೆ ಬಾಚಿ, ಕೂದಲಿನ ಉಂಡೆಯನ್ನು ತಾನೇ ತಂದು ನನ್ನ ಡಬ್ಬದಲ್ಲಿಟ್ಟಳು. ಈಗ ಅದರಲ್ಲಿ ಕಪ್ಪು ಇಲ್ಲ. ಕಟ್ಟಿದ್ದೇನೆ. ಈ ಸಲ ಪ್ಲೇಯರ್ ಹಿಡಿದದ್ದು ನೆನಪಿದೆ, ಒತ್ತಿದ್ದು ನೆನಪಿದೆ, ಒತ್ತುವಾಗ ಒತ್ತುತ್ತಿದ್ದೇನೆ ಅಂತ ಬಾಯಿ ಬಿಟ್ಟು ಹೇಳಿಕೊಂಡೂ ಇದ್ದೇನೆ. ನಿನ್ನ ಕರ್ಚೀಫಿನಲ್ಲಿ ಚುಚ್ಚಿ ಎಳೆದೆ. ಎರಡು ಸಲ ಸಲೀಸಾಗಿ ಬಂತು. ಮೂರನೇ ಸಲ ಒಂದು ಎಳೆ ಎದ್ದು ಬಂತು. ಬಟ್ಟೆ ಹಳೆಯದು, ಅದಕ್ಕೇ ಇರಬಹುದು. ಇನ್ನೂ ಒತ್ತಿದರೆ ತುದಿಯೇ ಮುರಿಯುತ್ತದೆ ಅಂತ ನೀನೇ ಹೇಳಿದ್ದೆ. ಮಾಡಿದವಳೂ ನಾನೇ, ನೋಡಿದವಳೂ ನಾನೇ ಆಗಿಬಿಟ್ಟಿದ್ದೇನೆ ಅಪ್ಪ. ಹಾಗೆ ಆಗಬಾರದಲ್ಲವಾ?

ಗಾಳವನ್ನು ಕರ್ಚೀಫಿನಲ್ಲೇ ಚುಚ್ಚಿ ಟಿವಿಯ ಪಕ್ಕದಲ್ಲಿಟ್ಟಿದ್ದೇನೆ. ನಿನ್ನ ಕನ್ನಡಕವನ್ನೂ ಒರೆಸಿ ಅಲ್ಲೇ ಇಟ್ಟಿದ್ದೇನೆ. ಅಮ್ಮ ಐದು ಗಂಟೆಗೆ ಏಳುತ್ತಾಳೆ. ಅಷ್ಟರೊಳಗೆ ಇನ್ನೊಂದೇ ಒಂದು ಸಲ, ನೀನು ಎಳೆದು ನೋಡು.