ನೂರಾಹತ್ತು ವೋಲ್ಟಿನ ಊರಿನಲ್ಲಿ

ಮಾಲೂರು
ಆಗಸ್ಟ್ ೨೦೦೩

ನಂದಿತಾ,

ಇಷ್ಟು ವರ್ಷ ನಿನಗೆ ಒಂದು ಸಾಲೂ ಬರೆಯಲಿಲ್ಲ. ಅಮೆರಿಕದಲ್ಲಿ ಏನಾಯಿತು ಎಂದು ಕೇಳಿದವರಿಗೆಲ್ಲ ‘ಗಂಟಲು ಕೈಕೊಟ್ಟಿತು’ ಎಂದೇ ಹೇಳಿಕೊಂಡು ಬಂದೆ. ಕೈಕೊಟ್ಟಿದ್ದು ಗಂಟಲಲ್ಲ ಎಂಬುದು ನಿನಗೂ ಗೊತ್ತು.

ಮುಳಬಾಗಿಲಿನ ಶ್ಯಾಮಲಮ್ಮ ಟೀಚರ ಜಗಲಿಯಲ್ಲಿ ಲಂಗ ಹರಡಿಕೊಂಡು ಕೂತು ಸಂಗೀತ ಕಲಿತವರು ನಾವು. ನಾನು ಒಂದು ಸಾಲು ಹಾಡಿದರೆ ನೀನು ಮುಂದಿನದನ್ನು ಎತ್ತಿಕೊಳ್ಳುತ್ತಿದ್ದೆ. ‘ಇದ್ದರಿದೀ ಒಕಟೇ ಗೊಂತು’ ಎಂದು ಟೀಚರು ತೆಲುಗಿನಲ್ಲೇ ಹಿಗ್ಗುತ್ತಿದ್ದರು. ಇಬ್ಬರದೂ ಒಂದೇ ಕಂಠ ಎಂದು. ಕೋಲಾರ, ಶ್ರೀನಿವಾಸಪುರ, ಯಾರು ಕರೆದರೂ ಜೋಡಿಯಾಗಿಯೇ ಹೋದೆವು. ನಾನು ಮದುವೆಯಾಗಿ ಮಾಲೂರಿಗೆ ಬಂದ ಮೇಲೂ ಅದು ತಪ್ಪಲಿಲ್ಲ. ವೇದಿಕೆಯ ಮೇಲೆ ನಮ್ಮಿಬ್ಬರ ನಡುವೆ ಇರುತ್ತಿದ್ದುದು ನನ್ನ ಶ್ರುತಿಗೇ ಕೂಡಿಸಿಟ್ಟ, ನನ್ನ ಕರೆಂಟಿನ ಶ್ರುತಿಪೆಟ್ಟಿಗೆ.

ತೊಂಬತ್ತೇಳರಲ್ಲಿ ಅಮೆರಿಕದ ಕನ್ನಡ ಸಂಘವೊಂದು ಕರೆದಾಗ ಮಾತುಕತೆಯೆಲ್ಲ ನಿನ್ನದೇ. ಫೋನು ನಿಮ್ಮ ಮನೆಯಲ್ಲಿತ್ತು. ನಮ್ಮ ಪೆಟ್ಟಿಗೆ ಅಲ್ಲಿ ನಡೆಯುತ್ತದೆಯೇ ಎಂದು ನಾನು ಕೇಳಿದಾಗ, ನೀನೇ ಒಂದು ಪುಟ್ಟ ಅಡಾಪ್ಟರ್ ತಂದು ಕೈಗಿಟ್ಟೆ. ‘ಅಲ್ಲಿ ಚಪ್ಪಟೆ ಪಿನ್ನು ಕಣೇ. ಇದೊಂದು ಸಿಕ್ಕಿಸಿದ್ರೆ ಆಯ್ತು, ಇನ್ನೇನೂ ಬೇಡ’ ಎಂದೆ. ನಂಬಿದೆ. ಅಡಾಪ್ಟರ್ ಪಿನ್ನಿನ ಆಕಾರವನ್ನು ಮಾತ್ರ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಅಲ್ಲಿನ ಗೋಡೆಯಲ್ಲಿ ಬರುವುದು ನಮ್ಮ ಕರೆಂಟಿನ ಅರ್ಧದಷ್ಟೇ ಎಂದು ನನಗಾಗ ತಿಳಿದಿರಲಿಲ್ಲ. ಅಲ್ಲಿಗೆ ಹೋದ ಮೇಲೆ, ಪೆಟ್ಟಿಗೆ ತೆಗೆದು ಒಮ್ಮೆ ಹಾಡೋಣವೆಂದರೂ ನೀನು ಬಿಡಲಿಲ್ಲ. ‘ಗಂಟಲಿಗೆ ರೆಸ್ಟ್ ಕೊಡೇ’ ಎಂದೆ. ಅದನ್ನೂ ಅಕ್ಕರೆ ಎಂದುಕೊಂಡೆ.

ಸಭಾಂಗಣ ತುಂಬಿತ್ತು. ಸ್ವಿಚ್ ಒತ್ತಿದೆ. ಪೆಟ್ಟಿಗೆಯ ಕೆಂಪು ದೀಪ ಮಿಣಕ್ ಎಂದಿತು, ಶ್ರುತಿ ಅಲುಗಾಡಿ, ಇಳಿದು, ನಿಂತೇಹೋಯಿತು. ಮತ್ತೆ ಮತ್ತೆ ಸ್ವಿಚ್ ಒತ್ತಿದೆ. ನೀನು ಗಾಬರಿಯಾಗಲಿಲ್ಲ. ಚೀಲದಿಂದ ಬ್ಯಾಟರಿಯ ಹೊಸ ಪೆಟ್ಟಿಗೆಯೊಂದನ್ನು ತೆಗೆದು ಮುಂದಿಟ್ಟೆ. ಅದನ್ನು ನನ್ನ ಗಂಟಲಿಗೆ ಎಟುಕದ ಎತ್ತರಕ್ಕೆ ಮೊದಲೇ ಕೂಡಿಸಿದ್ದೆ. ತುಂಬಿದ ಸಭೆಯೆದುರು ಇಳಿಸು ಎನ್ನಲಾರದೆ ನಾನು ಎರಡು ಸಾಲು ಒದ್ದಾಡಿ, ಒಡೆದ ದನಿಯನ್ನು ನುಂಗಿಕೊಂಡು ಸುಮ್ಮನಾದೆ. ಸಂಜೆಯಿಡೀ ನೀನೊಬ್ಬಳೇ ಹಾಡಿದೆ. ಇಂದಿಗೂ ಹೇಳುತ್ತೇನೆ, ಅಷ್ಟು ಚೆನ್ನಾಗಿ ನೀನು ಎಂದೂ ಹಾಡಿರಲಿಲ್ಲ. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮರುದಿನ ಕಾಫಿ ಕೊಡುತ್ತಾ, ನಮಗೆ ಮನೆಯಲ್ಲಿ ಜಾಗ ಕೊಟ್ಟಿದ್ದ ಅನಂತಲಕ್ಷ್ಮಿಯವರು ಕೇಳಿದರು: ‘ಇಲ್ಲಿ ನೂರಾಹತ್ತೇ ವೋಲ್ಟು, ಟ್ರಾನ್ಸ್‌ಫಾರ್ಮರ್ ತಂದಿಡ್ತೀವಿ ಅಂತ ನಂದಿತಾಗೆ ಫೋನಲ್ಲೇ ಹೇಳಿದ್ನಲ್ಲಾ? ಬೇಡ, ನಮ್ದು ಬ್ಯಾಟರಿದು ಅಂದ್ರಲ್ಲಾ ಅವ್ರು?’

ಲೋಟ ಕೆಳಗಿಟ್ಟು ನಿನ್ನ ಕೋಣೆಗೆ ಬಂದೆ. ನೀನು ಸುಳ್ಳು ಹೇಳಲಿಲ್ಲ. ‘ನಿನ್ನ ಶ್ರುತಿಗೆ ಇಳಿದೂ ಇಳಿದೂ ನನ್ನ ಗಂಟಲು ಸತ್ತೇಹೋಗ್ತಿತ್ತು ಕಣೇ. ಒಂದ್ಸಲನಾದ್ರೂ ನನ್ನ ಎತ್ತರದಲ್ಲಿ ಹಾಡ್ಬೇಕು ಅನ್ನಿಸ್ತು. ಹೇಳಿದ್ರೆ ನೀನು ಅಳ್ತಿದ್ದೆ.’

ಹೇಳಿದ್ದರೆ ಅಳುತ್ತಿದ್ದೆ, ನಿಜ. ಅತ್ತು, ಮುಖ ತೊಳೆದುಕೊಂಡು, ಮುಂದಿನ ಸಾಲಿನಲ್ಲಿ ಕೂತು ನಿನ್ನ ಹಾಡು ಕೇಳುತ್ತಿದ್ದೆ. ಅಷ್ಟು ವರ್ಷ ನನ್ನ ಜೊತೆ ಹಾಡಿದವಳಿಗೆ ನನ್ನ ಬಗ್ಗೆ ಅಷ್ಟೂ ಗೊತ್ತಾಗಲಿಲ್ಲವಲ್ಲ ಎಂಬುದೇ ನನ್ನನ್ನು ಮುರಿದದ್ದು.

ಮೊನ್ನೆ ನಿನ್ನ ತಮ್ಮ ಭಾರ್ಗವ್ ಮನೆಗೆ ಬಂದಿದ್ದ. ದಿನವಿಡೀ ನಡೆಯುವ ಟೀಚರ ನೆನಪಿನ ಕಛೇರಿಯಲ್ಲಿ ನಾವಿಬ್ಬರೂ ಮತ್ತೆ ಜೋಡಿಯಾಗಿ ಹಾಡಬೇಕೆಂದು ನೀನು ಹೇಳಿಕಳಿಸಿದೆಯಂತೆ. ಅವನ ಕೈಲೇ ಉತ್ತರ ಕಳಿಸಬಹುದಿತ್ತು. ನಿನ್ನ ವಿಷಯವನ್ನು ಇನ್ನೊಬ್ಬರ ಬಾಯಿಂದ ಕೇಳಿದ ಸಂಕಟ ನನಗೆ ಗೊತ್ತಿರುವುದರಿಂದ ನಾನೇ ಬರೆಯುತ್ತಿದ್ದೇನೆ. ನಿನ್ನ ಪಕ್ಕದಲ್ಲಿ ಕೂತು ಇನ್ನು ನಾನು ಹಾಡಲಾರೆ. ಬೆಳಗ್ಗೆ ನಾನು ಒಬ್ಬಳೇ ಹಾಡಿ ಊರಿಗೆ ಹೊರಡುತ್ತೇನೆ. ಸಂಜೆ ನೀನು ಹಾಡು.

ನಿನ್ನ ಕಂಠಕ್ಕೆ ಯಾವ ಕುಂದೂ ಬಾರದಿರಲಿ. ಇದನ್ನು ಮಾತ್ರ ಮನಸಾರೆ ಹೇಳುತ್ತಿದ್ದೇನೆ.

ಬರುತ್ತೇನೆ ಎನ್ನದೆ, ಹೋಗುತ್ತೇನೆ ಎಂದೇ ಹೇಳಿ,
ಸೌಪರ್ಣಿಕಾ