ತರನ್ನುಮ ತಿದ್ದಿದ ಒಂದು ಪದ

ಸಿಂದಗಿ, ಆಗಸ್ಟ್ ೨೦೦೭

ಮಂಜೂರ,

ಇದನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಾವಿಬ್ಬರೂ ಕೂಡಿ ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ವಿಂಡೋಸ್ ಬದಲು ನೀನು ಹಟಮಾಡಿ ಹಾಕಿದ ಪುಕ್ಕಟೆ ತಂತ್ರಾಂಶ ಲಿನಕ್ಸ್ ಇನ್ನೂ ಇದೆ. "ಪುಕ್ಕಟೆ ಸಿಗೋದನ್ನ ಯಾರ್ ಕಲಿತಾರೋ?" ಎಂದು ವಿದ್ಯಾರ್ಥಿಗಳ ಎದುರೇ ನಕ್ಕವನು ನಾನು. ಮರುವಾರ ನೀನು ತಾಳಿಕೋಟೆಗೆ ಹೊರಟುಹೋದೆ. ಆರು ವರ್ಷವಾಯಿತು.

ಇವತ್ತು ಏನಾಯಿತು ಕೇಳು. ಪ್ರೋಗ್ರಾಮಿಂಗ್ ಕಲಿಯುತ್ತಿರುವ ತರನ್ನುಮ ಕಳೆದ ತಿಂಗಳು ಅದರ ಈಚಿನ ಆವೃತ್ತಿಯ ಕನ್ನಡ ಮೆನುವಿನಲ್ಲಿ ಸೇವ್ ಎನ್ನುವುದಕ್ಕೆ 'ರಕ್ಷಿಸು' ಎಂದಿದ್ದುದನ್ನು ಕಂಡಳು. "ರಕ್ಷಿಸಾಕ ಫೈಲೇನು ಬಾವ್ಯಾಗ ಬಿದ್ದೈತೇನ್ರಿ ಸರ್?" ಎಂದು ನಕ್ಕಳು.

"ಇದರ ಕೋಡ್ ಯಾರ್ ಬೇಕಾದ್ರೂ ತಿದ್ದಾಕ ತೆರೆದ ಐತಿ, ನೀನ ತಿದ್ದಿ ಕಳಸವ್ವಾ" ಎಂದೆ.

'ಉಳಿಸು' ಎಂದು ತಿದ್ದಿ ಕಳಿಸಿದಳು. ಇಂದು ಪುಣೆಯಲ್ಲಿರುವ ಅದರ ಅನುವಾದ ತಂಡದಿಂದ ಉತ್ತರ ಬಂತು: ತಿದ್ದುಪಡಿ ಒಪ್ಪಿದ್ದೇವೆ, ಹೊಸ ಆವೃತ್ತಿಯಲ್ಲಿ ನಿಮ್ಮ ಹೆಸರೂ ಇರುತ್ತದೆ. ಈಗ ಇಡೀ ಕ್ಲಾಸು ತಪ್ಪು ಹುಡುಕುತ್ತ ಕುಳಿತಿದೆ. ನನಗಂತೂ ಖುಷಿಯೋ ಖುಷಿ.

"ಇದನ್ನ ಇಲ್ಲಿ ಮೊದಲ ಹಾಕಿದವ್ರು ಯಾರ್ರಿ?" ಎಂದು ತರನ್ನುಮ ಕೇಳಿದಳು. ನಿನ್ನ ಹೆಸರು, ಊರು ಹೇಳಿದೆ.

"ತಾಳಿಕೋಟಿ ಏನ್ ದೂರ್ರಿ ಸರ್? ಹೋಗಿ ಹೇಳಿ ಬರ್ರಿ."

"ಹೋಗ್ತೇನಿ" ಎಂದೆ. ಅವಳು ನಂಬಿದಳು.