ಬಿಂದುವಿನ ಬಲಗಡೆಯ ಕೂಸು

ಶಿಶುಗಳ ತೂಕದ ಚಿಲ್ಲರೆ ಕತ್ತರಿಸಿ ದುಂಡಗೆ ಮಾಡಿಸಿದ ಆರೋಗ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಮಗನ ತೂಕದಲ್ಲಿ ಒಂದಿಷ್ಟು ತಮ್ಮ ಸುತ್ತೋಲೆಯೊಳಗೆ ಸಿಕ್ಕಿಕೊಂಡಿದೆ. ಅದನ್ನು ಹಿಂದಿರುಗಿಸಿ ಎಂದು ಅಂಚೆಯಲ್ಲಿ ಕೇಳಿದ್ದೆ, ಉತ್ತರ ಬರಲಿಲ್ಲ. ಆದ್ದರಿಂದ ಪತ್ರಿಕೆಯಲ್ಲಿ, ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ.

ಈ ಸಲದ ಯುಗಾದಿಯ ಹೊತ್ತಿಗೆ ನಮ್ಮ ಕಡೆಯ ತಾಯಿ-ಮಕ್ಕಳ ಕೇಂದ್ರದಲ್ಲಿ ಇನ್ನೂ ಪೌಂಡಿನ ತಕ್ಕಡಿ ಇತ್ತು. ನನ್ನ ಪಾಲಾಕ್ಷ ಹದಿನಾಲ್ಕು ಪೌಂಡು ತೂಗಿದ. ಮುಂದಿನ ತಿಂಗಳು ಕಿಲೋ ತಕ್ಕಡಿ ಬಂತು, ಕಾರ್ಡಿನಲ್ಲಿ "೬" ಎಂದು ಬರೆದರು. ಅದರ ಮುಂದಿನ ತಿಂಗಳೂ "೬". ಕೂಸನ್ನು ಕೇಂದ್ರಕ್ಕೆ ಎತ್ತಿಕೊಂಡು ಹೋಗುವುದು ನಮ್ಮ ಮನೆಯಲ್ಲಿ ಅತ್ತೆಯ ಹಕ್ಕು. ಸೊಸೆ ಮೈಸೂರಿನಲ್ಲಿ ಗಣಿತದ ಬಿ.ಎಸ್ಸಿ. ಮಾಡಿದ್ದರೂ ಹೊಸ್ತಿಲೊಳಗೇ ಇರಬೇಕು. ಅತ್ತೆ ಗುರುಸಿದ್ದಮ್ಮನವರು ಕಾರ್ಡನ್ನು ನನ್ನ ಮುಂದೆ ಹಿಡಿದು ಕೇಳಿದರು:

"ಅದಿನಾಕಿದ್ದ ಕೂಸು ಆರಾಗ್ಬುಟ್ಟೈತೆ ಕಣವ್ವಾ. ಮಿಕ್ಕ ಎಂಟು ಎಲ್ಲೋಯ್ತು? ನಿನ್ನ ಬಿಯೆಸ್ಸಿ ತಿಂತಾ?"

"ಅತ್ತೆ, ಅದು ಪೌಂಡು, ಇದು ಕಿಲೋ. ಒಂದು ಕಿಲೋ ಅಂದ್ರೆ ಎರಡು ಪೌಂಡಿಗೂ ಜಾಸ್ತಿ."

"ಅಳತೆ ಬದ್ಲಾದ್ರೆ ಕೂಸು ಬದ್ಲಾಯ್ತದಾ? ನಿನ್ನ ಆಲಲ್ಲಿ ಸತ್ವ ಇಲ್ಲ ಅಂತ ಒಪ್ಕೊ, ಅದ್ಬುಟ್ಟು ಕತೆ ಏಳ್ತೀಯ."

ಅಮಾವಾಸ್ಯೆ ಕಳೆದ ಮೊದಲ ಸೋಮವಾರ ಕೂಸನ್ನು ಬಾಗೂರಿನ ನನ್ನ ನಾದಿನಿ ಸುವರ್ಣಮ್ಮನ ಮನೆಯಲ್ಲಿ ಬಿಡುವುದೆಂದು ತೀರ್ಮಾನವಾಗಿದೆ. ಅವಳಿಗೂ ಎಳೆಮಗುವಿದೆ, ಹಾಲು ಧಾರಾಳವಾಗಿದೆ. ನಮ್ಮ ಯಜಮಾನರು ಹಾಸನದಲ್ಲಿ ಗುಮಾಸ್ತರು, ಭಾನುವಾರಕ್ಕೆ ಬರುತ್ತಾರೆ. "ಸರ್ಕಾರಿ ಕಾರ್ಡು ಸುಳ್ಳು ಹೇಳುತ್ತಾ?" ಎಂದರು. ಗುಮಾಸ್ತರು ಇನ್ನೇನು ಹೇಳಿಯಾರು?

ಇಷ್ಟೇ ಆಗಿದ್ದರೆ ತಮ್ಮನ್ನು ಕಾಡುತ್ತಿರಲಿಲ್ಲ. ಹದಿನಾಲ್ಕು ಪೌಂಡೆಂದರೆ ಆರು ಕಿಲೋ ಮುನ್ನೂರೈವತ್ತು ಗ್ರಾಂ ಎಂದು ಅತ್ತೆಯನ್ನು ಹೇಗೋ ಒಪ್ಪಿಸಬಹುದು. ಒಪ್ಪಿಸಿದ ಮೇಲೆ? ಕಾರ್ಡಿನ ಆರು ಬರೀ ಆರಾಗಿದ್ದರೆ ನನ್ನ ಮಗ ಮುನ್ನೂರೈವತ್ತು ಗ್ರಾಂ ಇಳಿದಿದ್ದಾನೆ. ಆರೂಮುಕ್ಕಾಲಾಗಿದ್ದರೆ ನಾನೂರು ಗ್ರಾಂ ಏರಿದ್ದಾನೆ. ಏರಿದ್ದರೆ ಅವನನ್ನು ನನ್ನ ಮಡಿಲಿನಿಂದ ಕೀಳುವುದು ಅನ್ಯಾಯ. ಇಳಿದಿದ್ದರೆ ಅತ್ತೆಯ ಲೆಕ್ಕ ತಪ್ಪು, ಮಾತು ಸರಿ. ನನಗೆ ನಿದ್ದೆ ಹತ್ತದಿರುವುದು ಈ ಎರಡನೆಯದಕ್ಕೆ.

ಕೇಂದ್ರದಲ್ಲಿ ಕೂಸುಗಳನ್ನು ತೂಗುವ, ಮನೆಮನೆಗೂ ಬರುವ ದಾದಿ ಪುಟ್ಟತಾಯಮ್ಮನನ್ನು ಹಿತ್ತಲಿಗೆ ಕರೆದು ಕೇಳಿದೆ.

"ಆರೂ ಚಿಲ್ರೆ ಇತ್ತು ಕಣಕ್ಕ."

"ಚಿಲ್ಲರೆ ಎಷ್ಟು?"

"ಎಷ್ಟು ಕೂಸು ತೂಗ್ತೀನಿ, ನೆಪ್ಪಿರ್ತದಾ? ಬಿಂದು ಹಾಕ್ಬ್ಯಾಡಿ ಅಂದವ್ರೆ ಮ್ಯಾಲಿನೋರು. ಅದ್ಯಾರೋ ದಾದಿ ಆರು ಬಿಂದು ಒಂದು ಅಂತ ಬರೆಯೋವಾಗ ಬಿಂದು ಮರ್ತವ್ಳೆ. ಅರವತ್ತೊಂದು ಕಿಲೋ ಕೂಸು ಅಂತ ಮ್ಯಾಲಕ್ಕೆ ಓಗೈತೆ. ಅಂಗಾದ್ರೆ ಇದರವ್ವ ಎಷ್ಟು ತೂಗ್ತಾಳೆ ಅಂತ ಉಗುದ್ರಂತೆ!"

ನಗು ಬಂತು, ನಕ್ಕೆ. ನಕ್ಕು ಒಳಗೆ ಬಂದರೆ ತೊಟ್ಟಿಲು ಅಲ್ಲೇ ಇತ್ತು.

ಬಿಂದು ಮರೆತವರಿಗೆ ಬಿಂದು ಕಲಿಸುವ ಬದಲು ಬಿಂದುವನ್ನೇ ರದ್ದುಪಡಿಸಿದ ತಮ್ಮ ಚಾತುರ್ಯ ಹೊಸದೇನಲ್ಲ, ಮಾನ್ಯರೇ. ಸೊನ್ನೆಯೂ ಅದರ ಜೊತೆಗಾರ ಅಂಕಿಗಳೂ ನಮ್ಮ ನಾಡಿನಿಂದ ಹೊರಟು, ಅರಬ್ಬರ ಕೈ ಹಿಡಿದು ಯುರೋಪು ಸೇರಿದಾಗ ಫ್ಲಾರೆನ್ಸಿನ ಲೇವಾದೇವಿಗಾರರ ಸಂಘ ಅವನ್ನು ಲೆಕ್ಕದಲ್ಲಿ ಬರೆಯಕೂಡದೆಂದು ಕಟ್ಟಳೆ ಮಾಡಿತು. ಸೊನ್ನೆಗೆ ಬಾಲ ಎಳೆದು ಯಾರಾದರೂ ಆರೋ ಒಂಬತ್ತೋ ಮಾಡಿಬಿಟ್ಟಾರೆಂಬ ಭಯವಿತ್ತೆಂದು ನಮ್ಮ ಉಪನ್ಯಾಸಕರು ಹೇಳುತ್ತಿದ್ದರು. ಆರೂವರೆ ಶತಮಾನದ ಮೇಲೆ ಆ ಭಯಕ್ಕೆ ನಮ್ಮ ಕಡೆ ವಾರಸುದಾರರು ಸಿಕ್ಕಿದ್ದಾರೆ. ತಾವು ಬರೆದಿದ್ದರೆ ಆರು ಶತಮಾನ ಎನ್ನುತ್ತಿದ್ದಿರಿ.

ಎಣಿಸುವುದನ್ನು ಕಲಿತ ಜನರನ್ನೆಲ್ಲ ಕಾಡಿದ್ದು ಪೂರ್ಣ ಸಂಖ್ಯೆಯಲ್ಲ, ಮಿಕ್ಕಿದ್ದು. ಬಾಬಿಲೋನಿನವರು ಒಂದನ್ನು ಅರವತ್ತಾಗಿ ಒಡೆದರು. ತಮ್ಮ ಮೇಜಿನ ಗಡಿಯಾರ ಇಂದಿಗೂ ಅವರ ಮಾತು ಕೇಳುತ್ತದೆ. ಸಮರಖಂಡದ ಪಂಡಿತರೊಬ್ಬರು ಹತ್ತು ಹತ್ತಾಗಿ ಒಡೆಯುವ ದಾರಿಯನ್ನು ಬಿಡಿಸಿಟ್ಟರು. ಅವರಾದ ಒಂದೂವರೆ ಶತಮಾನಕ್ಕೆ ಡಚ್ಚರ ನಾಡಿನ ಎಂಜಿನಿಯರೊಬ್ಬರು ಅದನ್ನೇ ವ್ಯಾಪಾರಿಗಳಿಗೂ ಅರ್ಥವಾಗುವಂತೆ ಪುಸ್ತಿಕೆ ಮಾಡಿದರು. ನಮ್ಮವರು ಅರೆ, ಕಾಲು, ಅರೆಕಾಲು, ವೀಸ ಎಂದು ಒಂದರ ಹದಿನಾರನೆಯ ಪಾಲಿಗೂ ಹೆಸರಿಟ್ಟು ಮಕ್ಕಳಿಂದ ಮಗ್ಗಿ ಹೇಳಿಸಿದರು. ನಮ್ಮ ಬೀದಿಯ ಅಂಗಡಿ ರುದ್ರಯ್ಯನವರು ಬೆಲ್ಲ ತೂಗುವಾಗ ಅರೆಕಾಲು ಬಿಟ್ಟವರಲ್ಲ. ಇಷ್ಟೆಲ್ಲ ದೇಶಗಳು ಕೂಡಿ ಬೆಳೆಸಿದ್ದನ್ನು ಒಂದೇ ಸುತ್ತೋಲೆಯಲ್ಲಿ ಕತ್ತರಿಸಿದಿರಲ್ಲ, ಬೆಲ್ಲಕ್ಕಿರುವ ಮರ್ಯಾದೆ ಕೂಸಿಗೆ ಬೇಡವೇ?

ಹಾಗಾದರೆ ರುದ್ರಯ್ಯನವರ ತಕ್ಕಡಿಯಲ್ಲೇ ತೂಗಿಸಬಾರದೇಕೆ ಎನ್ನುವಿರಿ. ಕೇಳಿ ನೋಡಿದೆ. "ಬೆಲ್ಲದ ತಕ್ಕಡೀಲಿ ಕೂರ್ಸಕ್ಕೆ ನಮ್ ಕೂಸೇನ್ ಮಾರಾಟಕ್ಕೈತಾ? ಬೀದಿ ಕಣ್ಣೆಲ್ಲ ಬೀಳ್ಲಿ ಅಂತಾನಾ?" ಎಂದರು ಅತ್ತೆ. ಆ ಬಾಗಿಲೂ ಮುಚ್ಚಿತು. ಈಗ ಉಳಿದಿರುವುದು ನನ್ನ ತೋಳು. ಎತ್ತಿಕೊಂಡಾಗಲೆಲ್ಲ ಅದೇ ತಕ್ಕಡಿ. ನಿದ್ದೆಗೆಟ್ಟ ತೋಳು ಬೆಳಿಗ್ಗೆ ಏರಿದ್ದಾನೆ ಎನ್ನುತ್ತದೆ, ಸಂಜೆ ಇಳಿದಿದ್ದಾನೆ ಎನ್ನುತ್ತದೆ. ಮಗು ತೇಗಿದರೆ ಗೆದ್ದೆ ಎನಿಸುತ್ತದೆ, ಕೊಸರಾಡಿದರೆ ಎದೆ ಒಣಗಿದಂತಾಗುತ್ತದೆ. ಅತ್ತೆ ಕೆಟ್ಟವರಲ್ಲ. ಅವರೂ ಹೆದರಿದ್ದಾರೆ. ಒಂದೇ ಅಂಕಿಗೆ ಇಬ್ಬರೂ ಹೆದರಿದ್ದೇವೆ, ಅಂಕಿಯನ್ನು ಕತ್ತರಿಸಿದವರು ಮಾತ್ರ ನೆಮ್ಮದಿಯಾಗಿದ್ದೀರಿ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಸೋಮವಾರಕ್ಕೆ ಮೊದಲು ಪುಟ್ಟತಾಯಮ್ಮನಿಗೆ ಒಂದು ಸಾಲಿನ ಆದೇಶ ಕಳುಹಿಸಿ. ತಾಯಿಯ ಎದುರಿನಲ್ಲಿ ತೂಗಲಿ, ಬಿಂದು ಹಾಕಲಿ, ಬಿಂದುವಿನ ಬಲಗಡೆ ಇರುವುದನ್ನೂ ಬರೆಯಲಿ. ಸರ್ಕಾರಿ ಆದೇಶ ಬಂದರೆ ನಮ್ಮ ಮನೆಯ ಹೊಸ್ತಿಲೂ ದಾರಿ ಬಿಡುತ್ತದೆ. ಏರಿದ್ದರೆ ಆ ಕಾರ್ಡನ್ನು ನಾನೇ ಹಜಾರದಲ್ಲಿ ಎಲ್ಲರಿಗೂ ಓದಿ ಹೇಳುತ್ತೇನೆ. ಇಳಿದಿದ್ದರೆ ಸೋಮವಾರದ ತನಕ ಕಾಯುವುದಿಲ್ಲ, ಮೊದಲ ಬಸ್ಸಿಗೇ ಮಗುವನ್ನು ಎತ್ತಿಕೊಂಡು ಹೋಗಿ ನನ್ನ ಕೈಯಾರೆ ಸುವರ್ಣಮ್ಮನ ಮಡಿಲಲ್ಲಿ ಹಾಕಿ ಬರುತ್ತೇನೆ. ಯಾವುದಾದರೂ ಸರಿ, ಮಾನ್ಯರೇ. ಗೊತ್ತಾಗಲಿ.

ಇಂತಿ,
ಪೂರ್ಣ ಸಂಖ್ಯೆಗೆ ದಕ್ಕದೆ ಮಿಕ್ಕ
ಪಾಲಾಕ್ಷನ ತಾಯಿ
ಹೊಳೆನರಸೀಪುರದ ರಸ್ತೆಯ ಒಂದು ಹಳ್ಳಿಯಿಂದ, ೧೯೬೨